ಸೆಕೆಂಡ್ ಹ್ಯಾಂಡ್ ಲೀಟರ್ ವಿ-ಟ್ವಿನ್: ಫೈರ್‌ಸ್ಟಾರ್ಮ್, ಟಿಎಲ್, ಎಸ್‌ಪಿ, ಮಿಲ್ಲೆ, ಡುಕಾಟಿ – ಯಾವುದು ಯಾರಿಗೆ?

ಸಾವಿರ ಸಿಸಿಯ ವಿ-ಟ್ವಿನ್, ಅಂದರೆ ‘ವಿ’ ಆಕಾರದಲ್ಲಿ ಎರಡು ಸಿಲಿಂಡರ್ ಇರುವ ಎಂಜಿನ್ನಿನ, ಸ್ಪೋರ್ಟ್ಸ್ ಬೈಕು ಹುಡುಕುವವರು ಮೊದಲು ಹೋಲಿಸುವುದು ಅಶ್ವಶಕ್ತಿಯನ್ನು. ಈ ಗಾಡಿಗಳ ಮಟ್ಟಿಗೆ ಅಷ್ಟು ಉಪಯೋಗಕ್ಕೆ ಬಾರದ ಅಂಕಿ ಇನ್ನೊಂದಿಲ್ಲ. 110 ಇದ್ದರೂ 135 ಇದ್ದರೂ ರಸ್ತೆಗೆ ಬೇಕಾದ್ದಕ್ಕಿಂತ ಹೆಚ್ಚೇ. 1990ರ ದಶಕದ ನಡುವಿನಿಂದ 2000ದ ದಶಕದ ನಡುವಿನವರೆಗೆ ಬಂದ ಈ ಬೈಕುಗಳಿಗೆಲ್ಲ ಈಗ ಇಪ್ಪತ್ತರ ಆಸುಪಾಸು, ಕೆಲವಕ್ಕೆ ಮೂವತ್ತು ವರ್ಷ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಈ ಗಾಡಿಯ ಹುಟ್ಟು ಕಾಯಿಲೆ ಯಾವುದು, ಅದಕ್ಕೆ ಮದ್ದು ಆಗಿದೆಯೇ, ಆಗಿಲ್ಲದಿದ್ದರೆ ಆ ಕೆಲಸ ನಿಮ್ಮ ಕೈಲಿ ಆಗುತ್ತದೆಯೇ? ಈ ಐದೂ ಬೈಕುಗಳ ದೋಷಗಳು ಎಲ್ಲರಿಗೂ ಗೊತ್ತಿರುವಂಥವು. ನೀವು ಆರಿಸುವುದು ಬೈಕನ್ನಲ್ಲ, ದೋಷವನ್ನು.

ಇವು ಸಿಗುವುದು ಬ್ರಿಟನ್, ಜರ್ಮನಿ, ಅಮೆರಿಕ, ಆಸ್ಟ್ರೇಲಿಯಾದ ಮಾರುಕಟ್ಟೆಗಳಲ್ಲಿ. ಆದ್ದರಿಂದ ಇದು ಹೆಚ್ಚಾಗಿ ಆ ಕಡೆ ನೆಲೆಸಿರುವ ಕನ್ನಡಿಗರಿಗೆ ಉಪಯೋಗ. ಊರಿನಲ್ಲಿರುವವರಿಗೆ ಬೇಕಾದ ಎರಡು ಮಾತು ಕೊನೆಯಲ್ಲಿವೆ.

ಹೀಗೊಂದು ಜಾತಿಯ ಬೈಕು ಹುಟ್ಟಿದ್ದೇ ರೇಸಿನ ನಿಯಮದಿಂದ. ವರ್ಲ್ಡ್ ಸೂಪರ್‌ಬೈಕ್‌ನಲ್ಲಿ ನಾಲ್ಕು ಸಿಲಿಂಡರಿನವಕ್ಕೆ 750 ಸಿಸಿ ಮಿತಿ, ಎರಡು ಸಿಲಿಂಡರಿನವಕ್ಕೆ 1000. ಅದರ ಲಾಭ ಪಡೆದು ಡುಕಾಟಿ ಗೆಲ್ಲುತ್ತಲೇ ಹೋದಾಗ ಜಪಾನಿನವರೂ ಎರಡು ಸಿಲಿಂಡರಿಗೆ ಇಳಿದರು. 2003ರಲ್ಲಿ ನಾಲ್ಕು ಸಿಲಿಂಡರಿಗೂ 1000 ಸಿಸಿ ಬಿಟ್ಟ ಮೇಲೆ ಆ ಉತ್ಸಾಹ ಇಳಿಯಿತು, ಬೈಕುಗಳೂ ನಿಂತವು.

ಕೋನವೇ ಎಲ್ಲದರ ಮೂಲ

ಎರಡು ಸಿಲಿಂಡರ್‌ಗಳ ನಡುವೆ 90 ಡಿಗ್ರಿ ಇದ್ದರೆ ಪಿಸ್ಟನ್‌ಗಳ ಮುಖ್ಯ ಅದುರಾಟ ಒಂದನ್ನೊಂದು ಕಳೆದುಕೊಳ್ಳುತ್ತದೆ. ಅದುರಾಟ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಬೇಡ. ಹೋಂಡಾ, ಸುಜುಕಿ, ಡುಕಾಟಿ ಮೂರೂ 90 ಡಿಗ್ರಿಯವೇ. ಇದಕ್ಕೆ ತೆರಬೇಕಾದ ಬೆಲೆ ಉದ್ದ. ಮುಂದಿನ ಸಿಲಿಂಡರ್ ಹೆಚ್ಚುಕಡಿಮೆ ಮಲಗಿ ಮುಂಚಕ್ರದ ಹತ್ತಿರಕ್ಕೆ ಹೋಗುತ್ತದೆ, ಹಿಂದಿನದು ನೆಟ್ಟಗೆ ನಿಂತು ಶಾಕ್ ಅಬ್ಸಾರ್ಬರಿನ ಜಾಗ ತಿನ್ನುತ್ತದೆ. ಹೋಂಡಾ ರೇಡಿಯೇಟರ್‌ಗಳನ್ನು ಎರಡೂ ಪಕ್ಕಕ್ಕೆ ತಳ್ಳಿದ್ದು ಇದಕ್ಕೇ. ಸುಜುಕಿ ಹಿಂದಿನ ಸ್ಪ್ರಿಂಗ್‌ನಿಂದ ಅದರ ಕುಣಿತ ತಡೆಯುವ ಡ್ಯಾಂಪರನ್ನು ಬೇರ್ಪಡಿಸಿದ್ದೂ ಇದಕ್ಕೇ; ಅದರ ಫಲವನ್ನು ಟಿಎಲ್ ಓಡಿಸಿದವರು ಉಂಡಿದ್ದಾರೆ. ಮಿಲ್ಲೆ ಮಾಡಿದ ಏಪ್ರಿಲಿಯಾ ಮಾತ್ರ 60 ಡಿಗ್ರಿ ಹಿಡಿಯಿತು. ಎಂಜಿನ್ ಗಿಡ್ಡವಾಯಿತು, ಬದಲಿಗೆ ಎರಡು ಬ್ಯಾಲೆನ್ಸರ್ ಶಾಫ್ಟ್ ಹಾಕಬೇಕಾಯಿತು.

ಹೋಂಡಾ ವಿಟಿಆರ್1000ಎಫ್ ಫೈರ್‌ಸ್ಟಾರ್ಮ್

1997ರಲ್ಲಿ ಬಂದದ್ದು, ಅಮೆರಿಕದಲ್ಲಿ ಸೂಪರ್‌ಹಾಕ್ ಎಂಬ ಹೆಸರು. 996 ಸಿಸಿ, ಸುಮಾರು 110 ಅಶ್ವಶಕ್ತಿ, 48 ಮಿಲಿಮೀಟರಿನ ಎರಡು ಕಾರ್ಬುರೇಟರ್. ಐದರಲ್ಲಿ ಅತಿ ಸೌಮ್ಯ, ಅತಿ ಅಗ್ಗ, ದಿನಬಳಕೆಗೆ ಅತಿ ಹತ್ತಿರ. ಮೂರು ಸಾವಿರ ಆರ್‌ಪಿಎಂನಿಂದಲೇ ಎಳೆತ ಶುರು. ಸೀಟಿನಲ್ಲಿ ಕುಳಿತ ಭಂಗಿಯೂ ಮನುಷ್ಯರಿಗೆ ಒಗ್ಗುವಂಥದ್ದು.

ತಕರಾರುಗಳಲ್ಲಿ ಮೊದಲನೆಯದು ಟ್ಯಾಂಕು. ಆರಂಭದ ಮಾದರಿಗೆ 16 ಲೀಟರ್. ಲೀಟರಿಗೆ 12ರಿಂದ 14 ಕಿ.ಮೀ. ಕೊಡುವ ಗಾಡಿ, ಅಂದರೆ 160 ಕಿ.ಮೀ. ದಾಟುವಾಗಲೇ ಬಂಕ್ ಹುಡುಕಬೇಕು. ಯುರೋಪಿನ ಮಾದರಿಗೆ 2001ರಿಂದ 19 ಲೀಟರಿನ ಟ್ಯಾಂಕು ಬಂತು. ದೂರ ಹೋಗುವವರು ಅದನ್ನೇ ಹುಡುಕಿ. ಮುಂದಿನ ಫೋರ್ಕಿನ ಸ್ಪ್ರಿಂಗ್ ಮೆದು. ಜೋರಾಗಿ ಬ್ರೇಕ್ ಹಿಡಿದರೆ ಮೂಗು ಮುಗ್ಗರಿಸಿದಂತೆ ಕೆಳಗಿಳಿಯುತ್ತದೆ. ನಿಮ್ಮ ತೂಕಕ್ಕೆ ತಕ್ಕ ಗಟ್ಟಿ ಸ್ಪ್ರಿಂಗ್, ಹೊಸ ಆಯಿಲ್ ಹಾಕಿದರೆ ಗಾಡಿಯೇ ಬೇರೆ.

ಇನ್ನು ನಿಜವಾದ ಕಾಯಿಲೆ: ಕ್ಯಾಮ್ ಚೈನ್ ಟೆನ್ಷನರ್, ಅಂದರೆ ವಾಲ್ವ್ ತೆರೆಯುವ ಕ್ಯಾಮನ್ನು ತಿರುಗಿಸುವ ಚೈನಿಗೆ ಬಿಗಿ ಕೊಡುವ ಭಾಗ. ಎರಡು ಸಿಲಿಂಡರಿಗೂ ಒಂದೊಂದಿದೆ. ಒಳಗೆ ಸುರುಳಿ ಸುತ್ತಿದ ಪಟ್ಟಿ ಸ್ಪ್ರಿಂಗ್ ಒಂದು ಸ್ಕ್ರೂವನ್ನು ತಿರುಗಿಸಿ, ಕಡ್ಡಿಯನ್ನು ಹೊರಗೆ ತಳ್ಳಿ ಚೈನನ್ನು ಬಿಗಿಯಾಗಿಡುತ್ತದೆ. ಕಾಲ ಕಳೆದಂತೆ ಆ ಸ್ಪ್ರಿಂಗ್ ತುಂಡಾಗುತ್ತದೆ. ತುಂಡಾದರೆ ಕಡ್ಡಿಯನ್ನು ಹಿಡಿದಿಡುವುದು ಬೇರೇನೂ ಇಲ್ಲ. ಅದು ಹಿಂದಕ್ಕೆ ಸರಿಯುತ್ತದೆ, ಚೈನ್ ಸಡಿಲವಾಗಿ ಹಲ್ಲು ಹಾರುತ್ತದೆ, ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಕೆಲವು ಗಾಡಿ ಮೊದಲೇ ಗಲಗಲ ಸದ್ದು ಮಾಡಿ ಎಚ್ಚರಿಸುತ್ತವೆ, ಎಲ್ಲವೂ ಮಾಡುವುದಿಲ್ಲ. ಆದ್ದರಿಂದ ಮಾರುವವರು “ಸದ್ದೇ ಇಲ್ಲ ನೋಡಿ” ಎಂದರೆ ಅದಕ್ಕೆ ಬೆಲೆ ಕೊಡಬೇಡಿ. ಬೋಲ್ಟ್ ತಿರುಗಿಸಿ ಬಿಗಿ ಮಾಡುವ ಮ್ಯಾನುಯಲ್ ಟೆನ್ಷನರ್ ಹಾಕಿದೆಯೇ ಎಂಬುದೊಂದೇ ಪ್ರಶ್ನೆ. ಹಾಕಿದ್ದರೆ ಟೆನ್ಷನರಿನ ಹಿಂಬದಿಯಲ್ಲಿ ಲಾಕ್ ನಟ್ ಕೂತ ಬೋಲ್ಟ್ ಕಣ್ಣಿಗೆ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿ.

ಹಾಕಿಲ್ಲದಿದ್ದರೆ ಅದು ಮನೆಯಲ್ಲೇ ಮಾಡಬಹುದಾದ ಅರ್ಧ ದಿನದ ಕೆಲಸ, ಆದರೆ ಕ್ರಮ ತಪ್ಪಬಾರದು. ಎಂಜಿನ್ ಪೂರ್ತಿ ತಣ್ಣಗಿರಲಿ. ಸ್ಪಾರ್ಕ್ ಪ್ಲಗ್ ತೆಗೆದರೆ ಕ್ರ್ಯಾಂಕ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಎಡಬದಿಯ ಕವರಿನಲ್ಲಿರುವ ಎರಡು ಮುಚ್ಚಳ ಬಿಚ್ಚಿ, ಎಂಜಿನ್ ತಿರುಗುವ ದಿಕ್ಕಿಗೇ, ಅಂದರೆ ಎಡಗಡೆಯಿಂದ ನೋಡಿದರೆ ಗಡಿಯಾರಕ್ಕೆ ವಿರುದ್ಧವಾಗಿ, ಕ್ರ್ಯಾಂಕ್ ತಿರುಗಿಸಿ. ಮುಂದಿನ ಸಿಲಿಂಡರಿಗೆ ‘ಎಫ್‌ಟಿ’ ಗುರುತು, ಹಿಂದಿನದಕ್ಕೆ ‘ಆರ್‌ಟಿ’. ಗುರುತು ಕೂಡಿದರೆ ಸಾಲದು. ಅದು ಕಂಪ್ರೆಷನ್ ಸ್ಟ್ರೋಕಿನ ತುದಿಯೇ ಆಗಿರಬೇಕು. ಪ್ಲಗ್ ತೂತಿಗೆ ಬೆರಳಿಟ್ಟರೆ ಗಾಳಿ ಒತ್ತುವುದು ತಿಳಿಯುತ್ತದೆ. ಆ ಸ್ಥಿತಿಯಲ್ಲಿ ನಾಲ್ಕೂ ವಾಲ್ವ್ ಮುಚ್ಚಿರುವುದರಿಂದ ಕ್ಯಾಮ್ ತಾನಾಗಿ ತಿರುಗಿಬಿಡುವ ಭಯ ಇಲ್ಲ. ಆಮೇಲೆ ಹಳೆ ಟೆನ್ಷನರ್ ಬಿಚ್ಚಿ, ಹೊಸದನ್ನು ಕೂರಿಸಿ, ಬೋಲ್ಟನ್ನು ಬರಿ ಬೆರಳಿನಿಂದ ಒಳಗಿನ ಪಟ್ಟಿಗೆ ತಾಗುವವರೆಗೆ ತಿರುಗಿಸಿ, ಲಾಕ್ ನಟ್ ಹಾಕಿ. ಎರಡೂ ಮುಗಿದ ಮೇಲೆ ಸೆಲ್ಫ್ ಹೊಡೆಯುವ ಮೊದಲು ಕ್ರ್ಯಾಂಕನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ಹಾಕಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ, ಟೈಮಿಂಗ್ ಮತ್ತೆ ನೋಡಿ. ಕೊನೆಯ ಹೊಂದಾಣಿಕೆ ಎಂಜಿನ್ ಓಡುತ್ತಿರುವಾಗ: ಗಲಗಲ ನಿಲ್ಲುವವರೆಗೆ ಒಳಕ್ಕೆ. ಸಿಳ್ಳೆಯಂಥ ಕೊರೆತ ಕೇಳಿದರೆ ಅತಿಯಾಯಿತು, ಕಾಲು ಸುತ್ತು ಹಿಂದಕ್ಕೆ. ತುಸು ಸದ್ದು ಉಳಿದರೂ ತೊಂದರೆಯಿಲ್ಲ. ಬಿಗಿ ಹೆಚ್ಚಾದರೆ ಚೈನ್ ಓಡುವ ಪಟ್ಟಿಗಳು ಸವೆಯುತ್ತವೆ.

ಬ್ಯಾಟರಿ ಚಾರ್ಜಿನ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಸುಡುವುದು ಈ ಕಾಲದ ಎಲ್ಲ ಹೋಂಡಾಗಳ ಪಾಡು. ಮಾಸ್‌ಫೆಟ್ ಬಗೆಯದನ್ನು ಹಾಕಿಬಿಟ್ಟರೆ ಮತ್ತೆ ತಲೆನೋವಿಲ್ಲ. ಚಳಿಗಾಲವಿಡೀ ನಿಂತ ಗಾಡಿಯ ಪೈಲಟ್ ಜೆಟ್ (ಕಾರ್ಬುರೇಟರಿನ ಸಣ್ಣ ಪೆಟ್ರೋಲ್ ತೂತು) ಕಟ್ಟಿಕೊಂಡಿರುತ್ತದೆ. ಚೋಕ್ ಒಳಗೆ ಹಾಕಿದೊಡನೆ ಆರಿಹೋದರೆ ಕಾರ್ಬುರೇಟರ್ ಬಿಚ್ಚಿ ತೊಳೆಯುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ.

ಸುಜುಕಿ ಟಿಎಲ್1000ಎಸ್, ಮತ್ತು ಅದರ ತಮ್ಮ

ಇದೂ 1997ರದೇ. 98 ಮಿ.ಮೀ. ಬೋರ್, 66 ಮಿ.ಮೀ. ಸ್ಟ್ರೋಕ್ ಫೈರ್‌ಸ್ಟಾರ್ಮಿನ ಅಳತೆಯೇ, ಆದರೆ ಸ್ವಭಾವ ಪೂರ್ತಿ ಬೇರೆ. ಫ್ಯೂಯೆಲ್ ಇಂಜೆಕ್ಷನ್, ಕಂಪನಿ ಹೇಳುವಂತೆ 125 ಅಶ್ವಶಕ್ತಿ. ಎಂಜಿನ್ ಐದರಲ್ಲೇ ಅತ್ಯುತ್ತಮ ಎಂದರೆ ತಪ್ಪಿಲ್ಲ. ಮುಂದೆ ವಿ-ಸ್ಟ್ರಾಮ್ 1000, ಎಸ್‌ವಿ1000, ಕಾಜೀವಾ ರ‍್ಯಾಪ್ಟರ್ 1000, ಬಿಮೋಟಾ ಎಸ್‌ಬಿ8ಆರ್ ಎಲ್ಲಕ್ಕೂ ಇದೇ ವಂಶದ ಎಂಜಿನ್ ಹೋಯಿತು.

ತೊಂದರೆ ಇದ್ದದ್ದು ಹಿಂದಿನ ಸಸ್ಪೆನ್ಷನ್ನಿನಲ್ಲಿ. ಸ್ಪ್ರಿಂಗ್ ಒಂದು ಕಡೆ. ಡ್ಯಾಂಪರ್ ಇನ್ನೊಂದು ಕಡೆ, ಪುಟ್ಟ ಡಬ್ಬಿಯೊಳಗೆ ರೆಕ್ಕೆ ತಿರುಗುವ ರೋಟರಿ ಬಗೆಯದು. ಅದರಲ್ಲಿ ಎಣ್ಣೆ ಸ್ವಲ್ಪವೇ ಹಿಡಿಯುತ್ತದೆ, ಕೂತಿರುವುದೂ ಬಿಸಿಯ ಹತ್ತಿರ. ಉಬ್ಬುತಗ್ಗಿನ ರಸ್ತೆಯಲ್ಲಿ ಜೋರಾಗಿ ಓಡಿಸಿದರೆ ಎಣ್ಣೆ ಕಾದು ತೆಳುವಾಗಿ ಹಿಡಿತ ಬಿಡುತ್ತದೆ. ಹಿಂಚಕ್ರ ಕುಣಿಯತೊಡಗಿದರೆ ಮುಂಚಕ್ರದ ಮೇಲಿನ ಭಾರ ಕಡಿಮೆಯಾಗಿ ಹ್ಯಾಂಡಲ್ ಎರಡೂ ಕಡೆ ಹೊಡೆದುಕೊಳ್ಳುತ್ತದೆ. ಈ ದೂರುಗಳ ಮೇಲೇ ಸುಜುಕಿ ಗಾಡಿಗಳನ್ನು ವಾಪಸ್ ಕರೆಸಿ, ಹ್ಯಾಂಡಲಿನ ಈ ಹೊಡೆತ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಹಾಕಿಕೊಟ್ಟಿತು. ಅದನ್ನು ಭಾರವೆಂದು ಬಿಚ್ಚಿಟ್ಟ ಗಾಡಿಗಳು ಇನ್ನೂ ಸಿಗುತ್ತವೆ. ಸ್ಟೀರಿಂಗ್ ಡ್ಯಾಂಪರ್ ಇಲ್ಲದ ಟಿಎಲ್ ಕೊಳ್ಳಬೇಡಿ, ಟೆಸ್ಟ್ ರೈಡಿಗೂ ಹೋಗಬೇಡಿ.

ಪರೀಕ್ಷೆ ಸುಲಭ. ಸೀಟಿನ ಹಿಂಭಾಗವನ್ನು ಮೈಭಾರ ಹಾಕಿ ಒತ್ತಿ ಬಿಡಿ. ನಿಧಾನವಾಗಿ ಒಮ್ಮೆ ಮೇಲೆದ್ದು ನಿಂತರೆ ಸರಿ. ಪುಟಿದು ಇನ್ನೊಮ್ಮೆ ಕೆಳಗೆ ಹೋದರೆ ಹಿಂದಿನ ಡ್ಯಾಂಪರ್ ಸತ್ತಿದೆ. ಮದ್ದೂ ಇದೆ: ರೋಟರಿಯನ್ನು ನಿಷ್ಕ್ರಿಯಗೊಳಿಸಿ, ಸ್ಪ್ರಿಂಗಿನ ಜಾಗದಲ್ಲಿ ಸ್ಪ್ರಿಂಗ್-ಡ್ಯಾಂಪರ್ ಎರಡೂ ಇರುವ ಮಾಮೂಲಿ ಶಾಕ್ ಹಾಕುವುದು. ಹಾಗೆ ಮಾಡಿಸಿದ ಗಾಡಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಜಗ್ಗಿದರೆ ಹೆದರಬೇಡಿ; ಥ್ರಾಟಲ್ ಬಾಡಿ ಎರಡನ್ನೂ ಸಮ ಮಾಡಿ, ಥ್ರಾಟಲ್ ಸೆನ್ಸರ್ ಸರಿಯಾಗಿ ಕೂರಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ.

1998ರ ಟಿಎಲ್1000ಆರ್ ರೇಸಿಗೆಂದು ಬಂದದ್ದು. 135 ಅಶ್ವಶಕ್ತಿ, ದಪ್ಪ ಅಲ್ಯೂಮಿನಿಯಂ ಫ್ರೇಮ್, ತೂಕವೂ ಹೆಚ್ಚು, ಹಿಂದೆ ಅದೇ ರೋಟರಿ ಡ್ಯಾಂಪರ್. ಸಂಗ್ರಹಕ್ಕೆ ಚೆಂದ. ಓಡಿಸುವುದಕ್ಕೆ ಎಸ್ ಮೇಲು.

ಟಿಎಲ್ ಎಂಜಿನ್ ಬೇಕು, ರಂಪ ಬೇಡ ಎನ್ನುವವರಿಗೆ 2003ರಿಂದ 2007ರವರೆಗಿನ ಎಸ್‌ವಿ1000ಎಸ್ ಇದೆ. ಮಾಮೂಲಿ ಶಾಕ್, ನಯವಾದ ಇಂಜೆಕ್ಷನ್. ಹೆಸರಿಲ್ಲದ ಕಾರಣಕ್ಕೆ ಬೆಲೆಯೂ ಕಡಿಮೆ. ಐದರ ಪಟ್ಟಿಯಲ್ಲಿ ಇದಿಲ್ಲ, ಇರಬೇಕಿತ್ತು.

ಹೋಂಡಾ ವಿಟಿಆರ್1000 ಎಸ್‌ಪಿ-1, ಎಸ್‌ಪಿ-2

ಹೆಸರು ಕೇಳಿ ಫೈರ್‌ಸ್ಟಾರ್ಮಿನ ಅಣ್ಣ ಎಂದುಕೊಂಡರೆ ತಪ್ಪು, ಎಂಜಿನ್ ಬೇರೆಯೇ. 999 ಸಿಸಿ, 100 ಮಿ.ಮೀ. ಬೋರ್, ಕ್ಯಾಮ್ ತಿರುಗಿಸಲು ಚೈನ್ ಬದಲು ಗೇರ್‌ಗಳು. ಆದ್ದರಿಂದ ಟೆನ್ಷನರಿನ ಗೋಳಿಲ್ಲ. ಕಾಲಿನ್ ಎಡ್ವರ್ಡ್ಸ್ 2000ದಲ್ಲಿ ಎಸ್‌ಪಿ-1ರಲ್ಲೂ 2002ರಲ್ಲಿ ಎಸ್‌ಪಿ-2ರಲ್ಲೂ ವಿಶ್ವ ಚಾಂಪಿಯನ್ ಆದರು. ಅಮೆರಿಕದ ಹೆಸರು ಆರ್‌ಸಿ51.

ಗಟ್ಟಿತನದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಎಸ್‌ಪಿ-1ರ ಥ್ರಾಟಲ್ ಒರಟು: ತಿರುವಿನ ನಡುವೆ ಮುಚ್ಚಿದ್ದನ್ನು ತೆರೆದಾಗ ಜರ್ಕ್ ಹೊಡೆಯುತ್ತದೆ. ಹಿಂದಿನ ಸಸ್ಪೆನ್ಷನ್ ರಸ್ತೆಗೆ ಗಡುಸು, ಪೆಟ್ರೋಲ್ ದಾಹವೂ ಜೋರು. ಎಸ್‌ಪಿ-2ರಲ್ಲಿ ಥ್ರಾಟಲ್ ಬಾಡಿ 54ರಿಂದ 62 ಮಿ.ಮೀ. ಆಯಿತು, ಸ್ವಿಂಗ್‌ಆರ್ಮ್ ಬದಲಾಯಿತು, ತೂಕ ಇಳಿಯಿತು. ಎರಡರ ನಡುವೆ ಆಯ್ಕೆ ಇದ್ದರೆ ಎಸ್‌ಪಿ-2. ನೋಡಲು ಹೋದಾಗ ಪಕ್ಕದ ರೇಡಿಯೇಟರ್‌ಗಳ ಕೆಳತುದಿಯಲ್ಲಿ ಹಸಿರು ಅಥವಾ ಬಿಳಿ ಕಲೆ ಇದೆಯೇ ನೋಡಿ. ಬೈಕು ನಿಂತಲ್ಲೇ ಮಗುಚಿದರೂ ಮೊದಲ ಪೆಟ್ಟು ಅವಕ್ಕೇ.

ಏಪ್ರಿಲಿಯಾ ಆರ್‌ಎಸ್‌ವಿ ಮಿಲ್ಲೆ

ದೂರ, ವೇಗ ಎರಡೂ ಬೇಕಾದವರಿಗೆ ನಮ್ಮ ಮೊದಲ ಆಯ್ಕೆ ಇದೇ. 1998ರಲ್ಲಿ ಬಂತು, ಎಂಜಿನ್ ಮಾಡಿಕೊಟ್ಟದ್ದು ಆಸ್ಟ್ರಿಯಾದ ರೋಟಾಕ್ಸ್. 998 ಸಿಸಿ. ಫ್ರೇಮ್, ಬ್ರೇಕ್, ಗಾಳಿಯ ರಕ್ಷಣೆ ಎಲ್ಲದರಲ್ಲೂ ಡುಕಾಟಿಗೆ ಸಮ, ಕೂರಲು ಅದಕ್ಕಿಂತ ಆರಾಮ. ಇಟಲಿಯ ಗಾಡಿಯೆಂದರೆ ದಿನಕ್ಕೊಂದು ರಿಪೇರಿ ಎನ್ನುವವರು ಇದರ ಎಂಜಿನ್ ನೋಡಿಲ್ಲ. ಕೆಡುವುದು ಅದರ ಸುತ್ತಲಿನ ಚಿಲ್ಲರೆ ಸಾಮಾನು.

ಅದರಲ್ಲಿ ದೊಡ್ಡದು ಸ್ಟಾರ್ಟರಿನ ಸ್ಪ್ರ್ಯಾಗ್ ಕ್ಲಚ್, ಒಂದೇ ದಿಕ್ಕಿಗೆ ಹಿಡಿಯುವ ಬಿಡಿಭಾಗ. ಬ್ಯಾಟರಿ ಸೋತಿರುವಾಗ ಸೆಲ್ಫ್ ಹೊಡೆದರೆ ದೊಡ್ಡ ಪಿಸ್ಟನ್ ಕಂಪ್ರೆಷನ್ ದಾಟಲಾಗದೆ ಹಿಂದಕ್ಕೆ ಒದೆಯುತ್ತದೆ. ಆ ಒದೆ ಬೀಳುವುದು ಸ್ಪ್ರ್ಯಾಗಿಗೆ. ಹೀಗೆ ನಾಲ್ಕಾರು ಸಲ ಆದರೆ ಸ್ಟಾರ್ಟರ್ ಗರ್ರೆನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ಬದಲಿಸಲು ಫ್ಲೈವೀಲ್ ಕಳಚಬೇಕು. ಬರದಂತೆ ನೋಡಿಕೊಳ್ಳುವುದು ಅಗ್ಗ: ಒಳ್ಳೆ ಬ್ಯಾಟರಿ, ದಪ್ಪ ಸ್ಟಾರ್ಟರ್ ಕೇಬಲ್, ನಿಲ್ಲಿಸಿದಾಗಲೆಲ್ಲ ಟ್ರಿಕಲ್ ಚಾರ್ಜರ್.

ಎರಡನೆಯದು ಆಲ್ಟರ್ನೇಟರಿನಿಂದ ರೆಗ್ಯುಲೇಟರಿಗೆ ಹೋಗುವ ಕಂದು ಬಣ್ಣದ ಕನೆಕ್ಟರ್. ಒಳಗಿನ ಪಿನ್ ಸಡಿಲವಾಗಿ ಕಾದು ಪ್ಲಾಸ್ಟಿಕ್ಕು ಕರಗುತ್ತದೆ. ಕರಗಿದ್ದರೆ ಕತ್ತರಿಸಿ ವೈರುಗಳನ್ನು ನೇರ ಬೆಸುಗೆ ಹಾಕಿಬಿಡಿ. ಹಿಂದಿನ ಬ್ರೇಕಿನಲ್ಲಿ ಗಾಳಿ ಸೇರಿಕೊಳ್ಳುವುದು ಹಳೆಯ ಹಾಡು. ಕ್ಯಾಲಿಪರ್ ಬಿಚ್ಚಿ ನಿಪ್ಪಲ್ ಮೇಲ್ಮುಖವಾಗಿ ಹಿಡಿದು ಬ್ಲೀಡ್ ಮಾಡಿದರೆ ಹೋಗುತ್ತದೆ.

ಆಯಿಲ್ ವಿಷಯದಲ್ಲಿ ಹೊಸಬರು ತಪ್ಪುವುದು ಸಾಮಾನ್ಯ. ಇದು ಡ್ರೈ ಸಂಪ್ ಎಂಜಿನ್. ಆಯಿಲ್ ಬೇರೆ ಟ್ಯಾಂಕಿನಲ್ಲಿ ಕೂರುತ್ತದೆ. ರಾತ್ರಿಯಿಡೀ ನಿಂತಾಗ ಸ್ವಲ್ಪ ಆಯಿಲ್ ಎಂಜಿನ್ನಿಗೆ ಇಳಿದು ಮಟ್ಟ ಕಡಿಮೆ ತೋರಿಸುತ್ತದೆ. ಅದನ್ನು ನೋಡಿ ತುಂಬಿಸಿದರೆ ಬಿಸಿಯಾದ ಮೇಲೆ ಹೆಚ್ಚಾದದ್ದು ಏರ್‌ಬಾಕ್ಸಿಗೆ ಉಕ್ಕುತ್ತದೆ. ಚೆನ್ನಾಗಿ ಓಡಿಸಿ ಬಿಸಿ ಮಾಡಿ, ಬೈಕು ನೇರ ನಿಲ್ಲಿಸಿ, ಆಮೇಲೆ ನೋಡಬೇಕು. ಕೊಳ್ಳುವಾಗ ಏರ್ ಫಿಲ್ಟರಿನಲ್ಲಿ ಆಯಿಲ್ ಕಂಡರೆ ಪಿಸ್ಟನ್ ರಿಂಗ್ ಹೋಗಿದೆ ಎಂದು ಗಾಬರಿಯಾಗುವ ಮೊದಲು ಇದನ್ನು ನೆನೆಯಿರಿ.

ಡುಕಾಟಿ 916, 996, 998

1994ರ 916 ಮಾಸ್ಸಿಮೋ ತಂಬುರಿನಿಯ ಕೈಯಿಂದ ಬಂದದ್ದು. ಕಾರ್ಲ್ ಫೋಗರ್ಟಿ 1994, 1995, 1998, 1999ರಲ್ಲಿ ಗೆದ್ದದ್ದು ಈ ಕುಟುಂಬದ ಬೈಕುಗಳಲ್ಲೇ. 1999ರಲ್ಲಿ 996 ಬಂತು, 2002ರಲ್ಲಿ ಹೊಸ ಟೆಸ್ಟಾಸ್ಟ್ರೆಟಾ ಎಂಜಿನ್ನಿನ 998. ಅಂದ, ತಿರುವಿನಲ್ಲಿ ನಿಲ್ಲುವ ಸ್ಥಿರತೆ, ಇವುಗಳ ಬಗ್ಗೆ ಹೇಳುವುದೇನೂ ಉಳಿದಿಲ್ಲ.

ಲೆಕ್ಕ ನೋಡೋಣ. ಇದರ ವಾಲ್ವ್ ಮುಚ್ಚುವುದು ಸ್ಪ್ರಿಂಗಿನಿಂದಲ್ಲ, ಇನ್ನೊಂದು ರಾಕರ್‌ನಿಂದ. ಎಂಟು ವಾಲ್ವ್, ತೆರೆಯಲು ಎಂಟು, ಮುಚ್ಚಲು ಎಂಟು, ಒಟ್ಟು ಹದಿನಾರು ಕಡೆ ಟ್ಯಾಪೆಟ್ ಅಳತೆ. ಅದೂ 10,000 ಕಿ.ಮೀ.ಗೊಮ್ಮೆ. ಕ್ಯಾಮ್ ತಿರುಗಿಸುವ ರಬ್ಬರ್ ಬೆಲ್ಟನ್ನು 20,000 ಕಿ.ಮೀ. ಅಥವಾ ಎರಡು ವರ್ಷ, ಯಾವುದು ಮೊದಲೋ ಆಗ ಬದಲಿಸಬೇಕು. “ಓಡಿಸಿಯೇ ಇಲ್ಲ, ಶೆಡ್ಡಿನಲ್ಲೇ ಇತ್ತು” ಎಂಬ ಮಾತು ಇಲ್ಲಿ ಗುಣವಲ್ಲ. ನಿಂತ ಬೆಲ್ಟ್ ಹಲ್ಲಿನ ಬುಡದಲ್ಲಿ ಬಿರಿಯುತ್ತದೆ. ತುಂಡಾದರೆ ವಾಲ್ವ್, ಪಿಸ್ಟನ್ ಎರಡೂ ಹೋದಂತೆ.

916, 996ರ ಕಾಲದ ರಾಕರ್‌ಗಳ ಮೇಲಿನ ಕ್ರೋಮ್ ಸಿಪ್ಪೆ ಏಳುವುದು ಇನ್ನೊಂದು ದೋಷ. ಎದ್ದ ಚೂರು ಆಯಿಲಿನಲ್ಲಿ ಸೇರಿ ಕ್ಯಾಮನ್ನೂ ಕೆರೆಯುತ್ತದೆ. ವಾಲ್ವ್ ಸರ್ವಿಸ್ ಮಾಡಿದವರ ಬಿಲ್ಲಿನಲ್ಲಿ ರಾಕರ್ ನೋಡಿದ ಬಗ್ಗೆ ಬರೆದಿರಬೇಕು. ಇಲ್ಲದಿದ್ದರೆ ಆಯಿಲ್ ಜಾಲರಿ ತೆಗೆಸಿ ಹೊಳೆಯುವ ಚಕ್ಕೆ ಇದೆಯೇ ನೋಡಿ. ಡ್ರೈ ಕ್ಲಚ್ಚಿನ ಲಟಲಟ ಸದ್ದು ಮಾತ್ರ ಮಾಮೂಲು, ಅದಕ್ಕೆ ಬೆಲೆ ಚೌಕಾಸಿ ಮಾಡಬೇಡಿ. ದಾಖಲೆ ಇರುವ 998 ಸಿಕ್ಕರೆ ಇದರಲ್ಲಿ ಅದೇ ಉತ್ತಮ. ಮುಖ ಚೆನ್ನಾಗಿಲ್ಲವೆಂದು ಜನ ದೂರವಿಟ್ಟ 999 ಯಾಂತ್ರಿಕವಾಗಿ ಇವೆಲ್ಲಕ್ಕಿಂತ ಮೇಲು, ಬೆಲೆಯಲ್ಲಿ ಕೆಳಗೆ.

ನೋಡಲು ಹೋದಾಗ

ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಮಲ್ಟಿಮೀಟರ್ ಜೇಬಿನಲ್ಲಿರಲಿ. ನಿಂತಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಹೆಡ್‌ಲೈಟ್ ಹಾಕಿ 5,000 ಆರ್‌ಪಿಎಂನಲ್ಲಿ 13.5ರಿಂದ 14.5. ಹದಿಮೂರು ದಾಟದಿದ್ದರೆ ಸ್ಟೇಟರ್ (ಕರೆಂಟ್ ಹುಟ್ಟಿಸುವ ಸುರುಳಿ) ಅಥವಾ ರೆಗ್ಯುಲೇಟರ್ ಹೋಗಿದೆ. ಹದಿನೈದು ಮೀರಿದರೆ ರೆಗ್ಯುಲೇಟರ್ ಬ್ಯಾಟರಿಯನ್ನು ಬೇಯಿಸುತ್ತಿದೆ. ಈ ಐದು ಬೈಕುಗಳಲ್ಲೂ ಇದೊಂದು ಪರೀಕ್ಷೆ ತಪ್ಪಿಸುವಂತಿಲ್ಲ.

ಬ್ರಿಟನ್ನಿನಲ್ಲಿದ್ದರೆ ಗಾಡಿ ನಂಬರ್ ಹಾಕಿ ಎಂಒಟಿ (ವಾರ್ಷಿಕ ತಪಾಸಣೆ) ಇತಿಹಾಸವನ್ನು ಸರ್ಕಾರಿ ಜಾಲತಾಣದಲ್ಲಿ ಬಿಟ್ಟಿಯಾಗಿ ನೋಡಬಹುದು. ಪ್ರತಿ ವರ್ಷದ ಮೈಲಿ ಎಷ್ಟೆಂದು ಅಲ್ಲೇ ಇರುತ್ತದೆ, ಮೀಟರ್ ತಿರುಗಿಸಿದ್ದರೆ ಸಿಕ್ಕಿಬೀಳುತ್ತದೆ. ಭಾರತದ ಲೈಸೆನ್ಸನ್ನು ಅಲ್ಲಿ ಪರೀಕ್ಷೆಯಿಲ್ಲದೆ ಬದಲಾಯಿಸಿ ಕೊಡುವುದಿಲ್ಲ, ಈ ಗಾಡಿಗಳಿಗೆ ಪೂರ್ಣ ‘ಎ’ ದರ್ಜೆಯೇ ಬೇಕು. ಕೊಳ್ಳುವ ಮೊದಲು ಇನ್ಶೂರೆನ್ಸ್ ದರ ಕೇಳಿ. ಹೊಸ ಲೈಸೆನ್ಸಿನವರಿಗೆ ಅದೇ ದೊಡ್ಡ ಪೆಟ್ಟು. ಅಮೆರಿಕದಲ್ಲಿ ಟೈಟಲ್ (ಮಾಲೀಕತ್ವದ ದಾಖಲೆ) ‘ಸಾಲ್ವೇಜ್’, ಅಂದರೆ ಪೂರ್ತಿ ಹಾಳಾದದ್ದೆಂದು ಬರೆದುಹಾಕಿದ ಗಾಡಿ, ಎಂದಿದೆಯೇ ಎಂದು ನೋಡದೆ ದುಡ್ಡು ಎಣಿಸಬೇಡಿ.

ಹಾಗಾದರೆ ಯಾವುದು? ಇದೇ ಮೊದಲ ದೊಡ್ಡ ಬೈಕು, ಕೈಯಲ್ಲಿ ಸ್ಪ್ಯಾನರ್ ಹಿಡಿಯಬಲ್ಲಿರಿ ಎಂದರೆ 2001ರ ನಂತರದ ಫೈರ್‌ಸ್ಟಾರ್ಮ್, ಮ್ಯಾನುಯಲ್ ಟೆನ್ಷನರಿನೊಂದಿಗೆ. ಸ್ಪ್ಯಾನರ್ ಬೇಡವೇ ಬೇಡ ಎಂದರೆ ಎಸ್‌ವಿ1000ಎಸ್. ವಾರಾಂತ್ಯಕ್ಕೆ ಐನೂರು ಕಿ.ಮೀ. ಹೊಡೆಯುವವರಿಗೆ ಮಿಲ್ಲೆ. ಎಸ್‌ಪಿ-2 ಟ್ರ್ಯಾಕಿಗೂ ಹೋಗುವವರಿಗೆ. ಟಿಎಲ್ ಅದರ ಎಂಜಿನ್ನಿಗೆ ಸೋತವರಿಗೆ ಮಾತ್ರ. ಡುಕಾಟಿಗೆ ಹತ್ತಿರದಲ್ಲೊಬ್ಬ ಡೆಸ್ಮೋ, ಅಂದರೆ ಸ್ಪ್ರಿಂಗಿಲ್ಲದ ಆ ವಾಲ್ವ್ ವ್ಯವಸ್ಥೆ, ಬಲ್ಲ ಮೆಕ್ಯಾನಿಕ್ ಇರಬೇಕು. ಮೊದಲು ಅವರನ್ನು ಹುಡುಕಿ, ಆಮೇಲೆ ಬೈಕನ್ನು.

ಊರಿಗೆ ತರಬಹುದೇ?

ತರಲಾಗದು. ತಯಾರಾಗಿ ಮೂರು ವರ್ಷ ಮೀರಿದ ಬಳಸಿದ ವಾಹನವನ್ನು ಆಮದು ಮಾಡಲು ಭಾರತದ ನಿಯಮ ಬಿಡುವುದಿಲ್ಲ. ಬೆಂಗಳೂರಿನಲ್ಲಿ ದೊಡ್ಡ ಸ್ಪೋರ್ಟ್ಸ್ ವಿ-ಟ್ವಿನ್ ಬೇಕೆಂದರೆ ಬಳಸಿದ ಡುಕಾಟಿ ಪಾನಿಗಾಲೆ 959 ಅಥವಾ ಅದರ ಮುಂದಿನ, 2020ರ ಪಾನಿಗಾಲೆ ವಿ2 ನೋಡಬೇಕು. ಎರಡರದೂ 955 ಸಿಸಿ ಸೂಪರ್‌ಕ್ವಾಡ್ರೋ ಎಂಜಿನ್. ರಬ್ಬರ್ ಬೆಲ್ಟ್ ಇಲ್ಲ, ಚೈನ್ ಇದೆ; ವಾಲ್ವ್ ಅಳತೆ 24,000 ಕಿ.ಮೀ.ಗೆ. ಹಿಂದಿನ ಸಿಲಿಂಡರಿನ ಬಿಸಿ ತೊಡೆಗೇ ತಾಗುತ್ತದೆ, ಆದ್ದರಿಂದ ಸಿಲ್ಕ್ ಬೋರ್ಡ್ ಜಂಕ್ಷನ್ ದಿನದ ದಾರಿಯಾಗಿದ್ದರೆ ಮತ್ತೊಮ್ಮೆ ಯೋಚಿಸಿ. ಮೀಟರ್ 22 ಸಾವಿರ ದಾಟಿದ ಗಾಡಿ ಮಾರಾಟಕ್ಕಿದ್ದರೆ ಮಾಲೀಕರು ಆ ಸರ್ವಿಸ್ ಮಾಡಿಸಿ ಬಿಲ್ ಕೈಗೆ ಕೊಡಲಿ, ಇಲ್ಲವೇ ಅಷ್ಟು ಮೊತ್ತವನ್ನು ಬೆಲೆಯಲ್ಲಿ ಇಳಿಸಲಿ.